ಟೇಪಿನ ಸೊನ್ನೆ ತುದಿ

ಮಾರ್ಚ್ ೩, ಸೋಮವಾರ

ನಿದ್ದೆ ಬರುವುದಿಲ್ಲ, ಮಾತ್ರೆ ಕೊಡಿ ಎಂದು ಹೋದರೆ ವೈದ್ಯರು ದಿನಚರಿ ಬರೆಯಿರಿ ಎಂದರು. ಏನು ಬರೆಯಲಿ ಎಂದೆ. ನಿಮ್ಮ ಕೆಲಸದ ತಲೆಬುಡ ಗೊತ್ತಿಲ್ಲದವರಿಗೆ ವಿವರಿಸುವ ಹಾಗೆ ಬರೆಯಿರಿ, ಬರೆಯುತ್ತಾ ಬರೆಯುತ್ತಾ ನಿಮಗೇ ನಿದ್ದೆ ಬರುತ್ತದೆ ಎಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಮನೆಯಲ್ಲಿ ಖಾಲಿ ಪುಸ್ತಕ ಹುಡುಕಿದರೆ ಸಿಕ್ಕಿದ್ದು ಅತ್ತೆಯವರ ಹೊಲಿಗೆ ತರಗತಿಯ ಅಳತೆ ಪುಸ್ತಕ. ಪುಟ ಪುಟದಲ್ಲೂ ಎದೆ, ಸೊಂಟ, ತೋಳು ಎಂದು ಅಚ್ಚಾಗಿದೆ. ಇರಲಿ, ನಾನು ಮಾಡುವುದೂ ಅಳತೆಯ ಕೆಲಸವೇ.

ತಲೆಬುಡ ಹೀಗಿದೆ. ಹನ್ನೆರಡು ದಿನಕ್ಕೊಮ್ಮೆ ಒಂದು ಉಪಗ್ರಹ ನಮ್ಮ ಊರಿನ ಮೇಲೆ ಹಾದುಹೋಗುತ್ತದೆ. ರೇಡಾರ್ ಅಲೆ ಬಿಟ್ಟು, ಮರಳಿ ಬಂದದ್ದನ್ನು ಹಿಡಿದುಕೊಂಡು ಚಿತ್ರ ಮಾಡುತ್ತದೆ. ಹೋದ ಸಲದ ಚಿತ್ರವನ್ನೂ ಈ ಸಲದ್ದನ್ನೂ ಹೋಲಿಸಿದರೆ ನೆಲ ಎಲ್ಲಿ ಎಷ್ಟು ಮಿಲಿಮೀಟರ್ ಸರಿದಿದೆ ಎಂದು ಗೊತ್ತಾಗುತ್ತದೆ. ನೆಲದಡಿಯ ಬಂಡೆಗಳು ಎಲ್ಲಿ ಕಚ್ಚಿಕೊಂಡು ಒತ್ತಡ ಕೂಡಿಡುತ್ತಿವೆ, ಭೂಕಂಪವಾದರೆ ಯಾವ ಬೀದಿಗೆ ಅಪಾಯ ಎಂದು ಇದರಿಂದ ನಕ್ಷೆ ಮಾಡುತ್ತೇವೆ. ಹೊಸ ನಕ್ಷೆ ಏಪ್ರಿಲ್ ಕೊನೆಗೆ ನಗರಸಭೆಗೆ ಹೋಗಬೇಕು.

ಸರಿಯುವುದನ್ನು ಅಳೆಯಲು ಸರಿಯದ ಜಾಗ ಒಂದು ಬೇಕು. ಆ ಸ್ಥಿರ ಬಿಂದು ಇರುವುದು ನಾನು ವಾಸವಾಗಿರುವ ಈ ಮನೆಯ ತಾರಸಿಯಲ್ಲೇ: ಪೆಟ್ಟಿಗೆಯ ಮೂಲೆಯ ಹಾಗೆ ಜೋಡಿಸಿದ ಮೂರು ಅಲ್ಯೂಮಿನಿಯಂ ತಗಡು. ಹನ್ನೊಂದು ವರ್ಷದ ಹಿಂದೆ ನಾನೇ ನಿಲ್ಲಿಸಿದ್ದು. ಮನೆಯ ಹಿಂದಿನ ಗುಡ್ಡವೆಲ್ಲ ದಟ್ಟ ಮರ, ಆ ಕಡೆ ಉಪಗ್ರಹಕ್ಕೆ ನೆಟ್ಟಗೆ ಕಾಣುವ ವಸ್ತು ಇದೊಂದೇ. ನನ್ನ ಹೆಂಡತಿ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. ಊಟಕ್ಕೆ ಕೂತಾಗ ನಾನು ತಾರಸಿಗೆ ಓಡಿದರೆ, "ಹೋಗಿ, ಕರೀತಿದಾಳೆ" ಎನ್ನುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಸವತಿ ಇದ್ದಾಳೆ. ಬೆಳಿಗ್ಗೆ ತೊಳೆದು, ಎಲೆ ತೆಗೆದು, ನೀರು ಹರಿಯುವ ತೂತು ಬಿಡಿಸಿ ಬಂದೆ.

ನಿದ್ದೆ ಬರಲಿಲ್ಲ.

ಮಾರ್ಚ್ ೯, ಭಾನುವಾರ

ಅತ್ತೆಯವರು ಕೆಳಗೆ, ನಾನು ಮೇಲೆ. ಹೆಂಡತಿ ಹೋದ ಮೇಲೂ ನಾನು ಮನೆ ಬಿಡಲಿಲ್ಲ, ಅವರೂ ಬಿಡು ಎನ್ನಲಿಲ್ಲ. ಊಟ ಕೆಳಗೆ, ಒಂದೇ ಮೇಜಿನಲ್ಲಿ. ನಮ್ಮ ಮಾತು ದಿನಕ್ಕೆ ಇಪ್ಪತ್ತು ದಾಟಿದರೆ ಹೆಚ್ಚು. "ಉಪ್ಪು ಸಾಕಾ?" "ಸಾಕು." ಮಗಳನ್ನು ಕಳೆದುಕೊಂಡವರು, ದುಃಖ ಅವರದ್ದು ದೊಡ್ಡದು. ನಾನು ಹೇಗೋ ಇದ್ದ ಹಾಗೇ ಇದ್ದೇನೆ.

ಇಂದು ಇದ್ದಕ್ಕಿದ್ದ ಹಾಗೆ, "ಅಳಿಯಂದಿರೇ, ಅಂಗಿ ನೇತಾಡ್ತಾ ಇದೆ. ನಿಂತ್ಕೊಳ್ಳಿ" ಎಂದು ಟೇಪು ತಂದರು. ಅವರ ಭುಜ ನೋವು, ಕೈ ಮೇಲೇಳುವುದಿಲ್ಲ. ನಾನೋ ಏಣಿಯ ಹಾಗೆ ಎತ್ತರ. ಹಾಗಾಗಿ ಉದ್ದ ಅಳೆಯುವಾಗ ಸೊನ್ನೆ ತುದಿಯನ್ನು ಕತ್ತಿನ ಹಿಂದೆ ನಾನೇ ಹಿಡಿದುಕೊಳ್ಳಬೇಕಾಯಿತು.

"ಸೊಂಟ ಮೂರು ಇಂಚು ಇಳಿದಿದೆ" ಎಂದರು.

ಟೇಪು ಹಳೆಯದಾಗಿ ಹಿಗ್ಗಿರಬೇಕು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು, ಅಷ್ಟೇ. ನಲವತ್ತು ವರ್ಷ ಹೊಲಿಗೆ ಕಲಿಸಿದವರ ಟೇಪಿನ ಮೇಲೆ ದೋಷ ಹೊರಿಸಿದ್ದು ನನ್ನ ತಪ್ಪು.

ಮಾರ್ಚ್ ೧೨, ಬುಧವಾರ

ಕಚೇರಿಯಲ್ಲಿ ಒಬ್ಬಳು ಹೊಸ ಹುಡುಗಿ ಇದ್ದಾಳೆ. ಎಲ್ಲರೂ ಚೂಟಿ ಎಂದೇ ಕರೆಯುವುದು. ಇಂದು ನನ್ನ ಮೇಜಿನ ಮುಂದೆ ಬಂದು ನಿಂತು, "ಸರ್, ಒಂದು ದಡ್ಡ ಪ್ರಶ್ನೆ" ಎಂದಳು. ಅವಳ ಬಾಯಲ್ಲಿ ದಡ್ಡ ಪ್ರಶ್ನೆ ಎಂದರೆ ನಾನು ಕೈಯಲ್ಲಿದ್ದ ಪೆನ್ನು ಕೆಳಗಿಡುತ್ತೇನೆ.

ವಿಷಯ ಇದು. ಪ್ರತಿ ವರ್ಷದ ಲೆಕ್ಕದಲ್ಲೂ ಊರಿನ ಎಲ್ಲ ಮನೆ, ಎಲ್ಲ ಸೇತುವೆ, ಎಲ್ಲ ನಲ್ಲಿಕಂಬ ಒಂದೇ ಸಮನೆ ನಾಲ್ಕು ಮಿಲಿಮೀಟರ್ ಸರಿದಂತೆ ಬರುತ್ತದೆ. ಎಲ್ಲ ಕಡೆ ಒಂದೇ ಸಮ ಬಂದರೆ ಉಪಗ್ರಹದ ದಾರಿಯಲ್ಲೇ ಏನೋ ದೋಷ ಎಂದು ನಾನು ಅಷ್ಟನ್ನೂ ಕಳೆದುಬಿಡುತ್ತೇನೆ. ಉಳಿಯುವುದು ಸೊನ್ನೆ. ಊರೆಲ್ಲ ಹಸಿರು ಬಣ್ಣ, ಅಪಾಯವಿಲ್ಲ.

ಚೂಟಿ ಉಪಗ್ರಹದ ದಾರಿಯನ್ನು ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಿದ್ದಾಳೆ. ದಾರಿ ಕೂದಲೆಳೆಯಷ್ಟೂ ತಪ್ಪಿಲ್ಲ.

"ಹಾಗಾದ್ರೆ ನಾವು ಹನ್ನೊಂದು ವರ್ಷದಿಂದ ಕಳೀತಾ ಇರೋ ಈ ನಾಲ್ಕು ಮಿಲಿಮೀಟರ್ ಯಾರದ್ದು ಸರ್?"

ನೋಡೋಣ ಎಂದೆ. ಮಧ್ಯಾಹ್ನವೆಲ್ಲ ಕಂಪ್ಯೂಟರ್ ಮೇಲೆ ಸಿಡುಕಿದೆ.

ಮಾರ್ಚ್ ೧೫, ಶನಿವಾರ

ಉಪಗ್ರಹದ ದಿನ. ಸವತಿಯ ಬುಡದ ನಾಲ್ಕು ಬೋಲ್ಟನ್ನೂ ಬಿಗಿದು ನೋಡಿದೆ. ಒಂದೂ ಸಡಿಲವಿಲ್ಲ. ತಾರಸಿ ಬಿರುಕು ಬಿಟ್ಟಿಲ್ಲ. ಒಂದು ಗುಬ್ಬಿ ಬಂದು ತಗಡಿನ ಮೇಲೆ ಕೂತಿತು. ಅದರ ಮೇಲೂ ಅನುಮಾನ ಬಂತು. ನನ್ನ ಸ್ಥಿತಿ ಅಲ್ಲಿಗೆ ಮುಟ್ಟಿದೆ.

ಊಟದ ಹೊತ್ತಿಗೆ ಅತ್ತೆಯವರೇ ಕೇಳಿದರು. "ಏನಾಯ್ತು, ಮೂರು ದಿನದಿಂದ ಮುಖ ಊದಿಸ್ಕೊಂಡಿದೀರಿ?"

"ನನ್ನ ಲೆಕ್ಕದಲ್ಲಿ ಊರಿನ ಪ್ರತಿ ಮನೇನೂ ವರ್ಷಕ್ಕೆ ನಾಲ್ಕು ಮಿಲಿಮೀಟರ್ ಸರೀತಿದೆ. ಉಪಗ್ರಹದ ತಪ್ಪು ಅಂತ ಕಳೀತಾ ಬಂದೆ. ಅದರ ತಪ್ಪಲ್ಲ ಅಂತಾಳೆ ಒಬ್ಬಳು ಹುಡುಗಿ."

"ಎಲ್ಲ ಮನೇನೂ ಒಂದೇ ಅಳತೆ ತಪ್ಪಾ?"

"ಒಂದೇ ಅಳತೆ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. "ಹೊಸಬರು ತರಗತಿಗೆ ಬಂದಾಗ ಇದೇ ಗೋಳು. ಹತ್ತು ಅಂಗಿ ಹೊಲೀತಾರೆ, ಹತ್ತೂ ಒಂದೇ ಅಳತೆ ಗಿಡ್ಡ. ಆಗ ನಾನು ಬಟ್ಟೆ ನೋಡೋಕೇ ಹೋಗಲ್ಲ. ಟೇಪಿನ ಸೊನ್ನೆ ತುದಿ ಯಾರು ಹಿಡಿದಿದ್ರಿ ಅಂತ ಕೇಳ್ತೀನಿ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವರು ಅದನ್ನು ಕಂಡು, ಉಪ್ಪು ಹೆಚ್ಚಾಯ್ತಾ ಎಂದು ಕೇಳಿದರು.

ಮಾರ್ಚ್ ೧೭, ಸೋಮವಾರ

ಸ್ಥಿರ ಬಿಂದುವನ್ನು ನಮ್ಮ ತಾರಸಿಯಿಂದ ತೆಗೆದು, ಊರಾಚೆಯ ಹಳೆಯ ಕಲ್ಲುಗಣಿಗೆ ಹಾಕಿ ಹನ್ನೊಂದು ವರ್ಷದ ಲೆಕ್ಕವನ್ನು ಮತ್ತೆ ಓಡಿಸಿದೆ. ಚೂಟಿ ಪಕ್ಕದಲ್ಲೇ ಕೂತಿದ್ದಳು.

ಊರು ಕದಲಿಲ್ಲ. ಒಂದು ಮನೆಯೂ ಇಲ್ಲ, ಒಂದು ಸೇತುವೆಯೂ ಇಲ್ಲ. ಸರಿಯುತ್ತಿರುವುದು ಒಂದೇ ಒಂದು ಚುಕ್ಕೆ.

ನಮ್ಮ ಮನೆ.

ಮಾರ್ಚ್ ೧೮, ಮಂಗಳವಾರ

ಬರೆಯಲು ಮನಸ್ಸಿಲ್ಲ.

ಮಾರ್ಚ್ ೨೩, ಭಾನುವಾರ

ಗುಡ್ಡದ ಬುಡದಲ್ಲಿ ಹಳೆಯ ನಕ್ಷೆಗಳಲ್ಲಿ ಒಂದು ಬಿರುಕಿನ ರೇಖೆ ಇತ್ತು, ಚುಕ್ಕೆ ಚುಕ್ಕೆಯಾಗಿ. ಅದು ಸತ್ತ ಬಿರುಕು ಎಂದು ಬರೆದವನು ನಾನೇ. ಈಗ ಲೆಕ್ಕ ಹೇಳುವುದು ಬೇರೆ. ಗುಡ್ಡ ಒಂದು ಕಡೆ, ಊರು ಒಂದು ಕಡೆ. ಮೇಲ್ಮೈಯಲ್ಲಿ ಚೂರು ಚೂರೇ ಸರಿಯುತ್ತಿದೆ, ಆಳದಲ್ಲಿ ಬಂಡೆ ಕಚ್ಚಿಕೊಂಡಿದೆ. ರೇಖೆ ನಿಖರವಾಗಿ ಎಲ್ಲಿ ಹಾದಿದೆ ಎಂದು ಉಪಗ್ರಹ ಹೇಳಲಾರದು, ನೆಲದ ಮೇಲೆಯೇ ಹುಡುಕಬೇಕು.

ಅತ್ತೆಯವರು ಇಲ್ಲದ ಹೊತ್ತು ನೋಡಿ ಕೆಳಗಿನ ಗೋಡೆಗಳನ್ನು ಕಳ್ಳನ ಹಾಗೆ ತಡಕಾಡಿದೆ. ಮೆಟ್ಟಿಲ ಬುಡದ ಮೊಗಸಾಲೆಗೂ ಆಮೇಲೆ ಸೇರಿಸಿ ಕಟ್ಟಿದ ಹೊಲಿಗೆ ಹಜಾರಕ್ಕೂ ನಡುವಿನ ಮೂಲೆಯಲ್ಲಿ ಒಂದು ಸಂದು. ಅದರೊಳಗೆ ಹತ್ತಿ ತುಂಬಿ ಹೊಲಿದ ಬಟ್ಟೆಯ ಪಟ್ಟಿ ತುರುಕಿದೆ. ಎಳೆಯುತ್ತಿದ್ದಾಗಲೇ ಅವರು ಬಂದುಬಿಟ್ಟರು.

ಬೈಯುತ್ತಾರೆ ಎಂದುಕೊಂಡೆ. ಅವರೇ ಪೇಚಿಗೆ ಸಿಕ್ಕಿದವರ ಹಾಗೆ ನಿಂತರು.

"ಚಳಿಗಾಳಿ ಬರುತ್ತೆ ಅಂತ ಇಟ್ಟಿದೀನಿ. ಪ್ರತಿ ವರ್ಷ ಅಳತೆ ತಗೊಂಡೇ ಹೊಲೀತೀನಿ, ಮುಂದಿನ ವರ್ಷ ಸಡಿಲ ಆಗಿರುತ್ತೆ. ಕಣ್ಣು ಮಂಜಾಯ್ತು, ಅಳತೆ ತಪ್ತಾ ಇದೆ ಅಂದ್ಕೊಂಡೆ. ಯಾರಿಗೂ ಹೇಳಿಲ್ಲ. ಕಲಿಯೋರು ನಗ್ತಾರೆ."

ಅಳತೆ ಬರೆದಿಟ್ಟಿದ್ದೀರಾ ಎಂದು ಕೇಳಿದೆ. ಬರೆದಿಡದೆ ಅವರು ಏನನ್ನೂ ಹೊಲಿದವರಲ್ಲ. ಒಳಗಿಂದ ಪುಸ್ತಕ ತಂದರು. ಕಾಲರು, ತೋಳುಗಳ ನಡುವೆ, ವರ್ಷಕ್ಕೊಂದು ಸಾಲು: ಸಂದಿನ ಪಟ್ಟಿ. ಮೊದಲ ವರ್ಷ ಅರ್ಧ ಸೆಂಟಿಮೀಟರ್‌ಗೂ ಕಡಿಮೆ. ಈ ವರ್ಷ ನಾಲ್ಕೂವರೆ.

ನನ್ನ ಗೆರೆಯ ಪಕ್ಕದಲ್ಲಿ ಅವರ ಗೆರೆ ಎಳೆದು ನೋಡಿದೆ. ಒಂದರ ಮೇಲೊಂದು ಕೂತಿತು, ಬಿರುಕು ಹಾದಿರುವುದು ಈ ಸಂದಿನಲ್ಲೇ. ನಿಮ್ಮ ಅಳತೆ ಒಂದು ವರ್ಷವೂ ತಪ್ಪಿಲ್ಲ ಎಂದೆ. ಎಷ್ಟು ಹಿಗ್ಗಿದರೆಂದರೆ, ಸಂಜೆ ಚಹಾದ ಜೊತೆ ಎರಡು ಬಿಸ್ಕತ್ತು ಹೆಚ್ಚಿಗೆ ಇಟ್ಟರು. ಆ ಅಳತೆಯ ಅರ್ಥವೇನು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಡಿ ನಾನು. ಬಿಸ್ಕತ್ತು ತಿಂದು ಮೇಲೆ ಬಂದೆ.

ಮಾರ್ಚ್ ೨೭, ಗುರುವಾರ

ನಮ್ಮ ಕಚೇರಿಯ ದೊಡ್ಡವರಿಗೆ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಹನ್ನೊಂದು ವರ್ಷದ ನಕ್ಷೆ, ರೀ."

"ಹೌದು ಸರ್."

ಹಳೆಯ ಕಡತ ತರಿಸಿದರು. ಸ್ಥಿರ ಬಿಂದುವಿಗೆ ಮೂರು ಜಾಗಗಳ ಪಟ್ಟಿ ಇತ್ತು: ಕಲ್ಲುಗಣಿ, ನೀರಿನ ಟ್ಯಾಂಕು, ಗುಡ್ಡದ ಬುಡದ ಮನೆ. ಮೂರನೆಯದರ ಮುಂದೆ ನನ್ನ ಕೈಬರಹ: ಗಟ್ಟಿ ನೆಲ, ಸುಲಭದ ದಾರಿ.

"ಕಲ್ಲುಗಣಿ ಬಿಟ್ಟು ಬಿರುಕಿನ ಪಕ್ಕದ ಮನೆ ಯಾಕೆ ಆರಿಸಿದ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆ ಮನೆಯಲ್ಲಿ ಒಬ್ಬಳು ಹುಡುಗಿ ಇದ್ದಳು ಸರ್."

ದೊಡ್ಡವರು ಮುಚ್ಚಳವನ್ನು ಮೆಲ್ಲಗೆ ಹಾಕಿದರು. ಅವಳ ಮಣ್ಣಿಗೆ ಬಂದಿದ್ದವರು ಅವರು. "ವರದಿಯಲ್ಲಿ ಹಾಗೆ ಬರೀಬೇಡಿ. ಆಯ್ಕೆ ತಪ್ಪಾಗಿತ್ತು ಅಂತ ಬರೀರಿ, ಸಾಕು. ಆದ್ರೆ ಆ ಬೀದಿಯ ಬಣ್ಣ ಬದಲಾಗಬೇಕು. ಬಿರುಕಿನ ಮೇಲೇ ಕೂತಿರೋ ಮನೆ ಖಾಲಿ ಮಾಡಿಸಬೇಕು. ಅಂಥವು ಎಷ್ಟಿವೆ?"

"ಒಂದು."

"ಯಾರಿದಾರೆ ಅಲ್ಲಿ?"

ಕಡತದ ಮೂರನೆಯ ಸಾಲಿನ ಮೇಲೆ ಬೆರಳಿಟ್ಟೆ. ಅವರಿಗೆ ಅರ್ಥವಾಯಿತು. ನಗರಸಭೆಯ ನೋಟಿಸು ಹೋಗುವ ಮೊದಲು ನೀವೇ ಹೇಳಿ ಎಂದರು.

ಏಪ್ರಿಲ್ ೧, ಮಂಗಳವಾರ

ಹೇಳಿಲ್ಲ. ನಾಳೆ.

ಏಪ್ರಿಲ್ ೨, ಬುಧವಾರ

ಹೇಳಿಲ್ಲ. ಕೆಳಗೆ ಹನ್ನೆರಡು ಹೊಲಿಗೆ ಯಂತ್ರಗಳ ಸದ್ದು. ಹನ್ನೆರಡು ಜನ ಹೆಣ್ಣುಮಕ್ಕಳು, ಮೇಲೆ ಕಾಂಕ್ರೀಟಿನ ತಾರಸಿ. ಬೆಳಿಗ್ಗೆ ಇಳಿಯುವಾಗ ಒಬ್ಬಳು ಏನೋ ಹೇಳಿದಳು, ಎಲ್ಲರೂ ಗೊಳ್ಳೆಂದು ನಕ್ಕರು. ನಾನು ತಲೆಯೆತ್ತಿ ತಾರಸಿಯನ್ನು ನೋಡಿದೆ.

ಏಪ್ರಿಲ್ ೪, ಶುಕ್ರವಾರ

ಹೇಳಿದೆ. ತರಗತಿ ಮುಗಿದು ಎಲ್ಲರೂ ಹೋಗಿದ್ದರು. ಅತ್ತೆ ಅಯಸ್ಕಾಂತ ಹಿಡಿದು ನೆಲದ ಮೇಲಿನ ಗುಂಡುಸೂಜಿ ಆರಿಸುತ್ತಿದ್ದರು. ಮೊದಲಿಂದ ಕೊನೆಯವರೆಗೆ ಹೇಳಿದೆ: ಸಂದು, ಬಿರುಕು, ನೋಟಿಸು.

"ಭೂಕಂಪ ಯಾವಾಗ ಆಗುತ್ತೆ?"

"ಅದನ್ನ ಯಾರೂ ಹೇಳೋಕಾಗಲ್ಲ."

"ಮತ್ತೆ ನಿಮ್ಮ ಉಪಗ್ರಹ ಹೇಳೋದೇನು?"

"ಎಲ್ಲಿ ಅಂತ ಹೇಳುತ್ತೆ. ಎಷ್ಟು ಅಂತ ಹೇಳುತ್ತೆ. ನಾಳೆಯೋ, ನೂರು ವರ್ಷಕ್ಕೋ, ಹೇಳಲ್ಲ."

"ನೂರು ವರ್ಷ ನಾನಿರಲ್ಲ." ಅಯಸ್ಕಾಂತವನ್ನು ಮೇಜಿನ ಮೇಲಿಟ್ಟರು. ಗೋಡೆಯ ಮೊಳೆಗೆ ನನ್ನ ಹೆಂಡತಿಯ ಕತ್ತರಿ ತೂಗುಹಾಕಿದೆ. ಅವಳು ಇಲ್ಲೇ ಬಟ್ಟೆ ಕತ್ತರಿಸುತ್ತಿದ್ದಳು. ಅದರ ಕಡೆ ತಿರುಗಿ ನಿಂತು ಹೇಳಿದರು: "ಅವಳು ಹುಟ್ಟಿದ್ದು ಆ ಕೋಣೆಯಲ್ಲಿ. ಹೋಗಿದ್ದೂ ಆ ಕೋಣೆಯಲ್ಲಿ. ನೀನು ಬೇಕಾದ್ರೆ ಹೋಗು. ನಾನು ಎಲ್ಲಿಗೂ ಬರಲ್ಲ."

ನಾನು ಹೋಗುವುದಾದರೂ ಎಲ್ಲಿಗೆ? ಈ ಪ್ರಶ್ನೆಯನ್ನು ಇಲ್ಲಿ ಬರೆದಿದ್ದೇನೆ, ಅವರನ್ನು ಕೇಳಲಿಲ್ಲ.

ಏಪ್ರಿಲ್ ೮, ಮಂಗಳವಾರ

ನಾಲ್ಕು ದಿನದಿಂದ ಮಾತಿಲ್ಲ. ಉಪ್ಪು ಸಾಕಾ ಎಂಬುದೂ ಇಲ್ಲ. ಅಷ್ಟೇ ತಾನೇ ಎಂದುಕೊಂಡಿದ್ದೆ. ಅಷ್ಟು ಮಾತಿಗೆ ನಾನು ಇಷ್ಟು ಹಸಿದಿರುತ್ತೇನೆ ಎಂದು ಗೊತ್ತಿರಲಿಲ್ಲ. ಸವತಿಯನ್ನು ತೊಳೆದು ಬಂದೆ. ಊಟ ಸೇರಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಜ್ವರವೆಂದು ಕಚೇರಿಗೆ ಹೋಗಿರಲಿಲ್ಲ. ನೀರು ಕುಡಿಯಲು ಇಳಿದವನು ಅತ್ತೆಯ ಧ್ವನಿ ಕೇಳಿ ಮೆಟ್ಟಿಲಲ್ಲೇ ನಿಂತೆ.

ಹಜಾರದಲ್ಲಿ ಹನ್ನೆರಡು ಯಂತ್ರಗಳೂ ನಿಂತಿದ್ದವು. ಅತ್ತೆ ಎರಡು ಬಟ್ಟೆಯ ತುಂಡುಗಳನ್ನು ಒಂದೇ ಒಂದು ಗುಂಡುಸೂಜಿಯಿಂದ ಸೇರಿಸಿ, ಒಂದು ತುದಿ ಒಬ್ಬಳಿಗೆ, ಇನ್ನೊಂದು ತುದಿ ಇನ್ನೊಬ್ಬಳಿಗೆ ಕೊಟ್ಟಿದ್ದರು.

"ಮೆಲ್ಲಗೆ ಎಳೀರಿ. ಇನ್ನೂ ಮೆಲ್ಲಗೆ. ನೋಡಿ, ಸೂಜಿ ಇರೋ ಕಡೆ ಬಟ್ಟೆ ಹೇಗೆ ನೆರಿಗೆ ಕಟ್ಟಿತು. ಎಳೆತವೆಲ್ಲ ಅಲ್ಲಿ ಕೂಡ್ತಾ ಇದೆ. ನಮ್ಮ ಅಳಿಯ ಆಕಾಶದಿಂದ ನೋಡೋದು ಈ ನೆರಿಗೆ. ಸೂಜಿ ಯಾವಾಗ ಹಾರುತ್ತೆ ಅಂತ ನೋಡೋಕೆ ಅವನಿಂದ ಆಗಲ್ಲ, ಯಾರಿಂದಲೂ ಆಗಲ್ಲ. ಎಳೀರಿ."

ಸೂಜಿ ಟಕ್ಕನೆ ಹಾರಿತು. ಎಲ್ಲರೂ ಬೆಚ್ಚಿದರು. ನಾನೂ ಬೆಚ್ಚಿದೆ.

"ಸೂಜಿ ಇರೋ ಜಾಗದಲ್ಲಿ ನಾವು ಕೂತಿದೀವಿ. ನಾನೊಬ್ಬಳೇ ಆಗಿದ್ರೆ ಏಳ್ತಿರ್ಲಿಲ್ಲ. ನಿಮ್ಮನ್ನ ಕೂರಿಸ್ಕೊಂಡು ಹಟ ಮಾಡೋಕಾಗಲ್ಲ. ಇವತ್ತೇ ಇಲ್ಲಿ ಕೊನೇ ಪಾಠ. ಜಾಗ ನೋಡಿ ಹೇಳ್ತೀನಿ."

ಈ ಕೆಲಸಕ್ಕೆ ಸೇರಿದ ಹದಿಮೂರು ವರ್ಷದಲ್ಲಿ ನಾನು ಎಷ್ಟೋ ಸಭೆಗಳಲ್ಲಿ ಇದೇ ವಿಷಯ ಹೇಳಿದ್ದೇನೆ, ಕೇಳುವವರು ಆಕಳಿಸಿದ್ದಾರೆ. ಮೆಟ್ಟಿಲ ಮೇಲೆ ಕೂತು ಅತ್ತೆಗಾಗಿ ಅತ್ತೆ... ಬರವಣಿಗೆ ಹಾಳಾಗಲಿ, ಕಣ್ಣೀರು ಹಾಕಿದೆ ಎಂದು ಬರೆದರೆ ಆಯಿತು. ಹೆಂಡತಿ ಹೋದಾಗಲೂ ಹೀಗೆ ಅತ್ತಿರಲಿಲ್ಲ.

ನನ್ನನ್ನು ಕಂಡು ಅತ್ತೆ ಹಣೆ ಮುಟ್ಟಿ ನೋಡಿದರು. "ಸುಡ್ತಾ ಇದೆ. ಬರಿಗಾಲಲ್ಲಿ ಯಾಕೆ ನಿಂತಿದೀಯ?"

ಏಪ್ರಿಲ್ ೨೦, ಭಾನುವಾರ

ಮನೆ ಖಾಲಿ ಮಾಡಿದೆವು. ಊರಿನ ಇನ್ನೊಂದು ಕಡೆ, ಸಮತಟ್ಟು ನೆಲದಲ್ಲಿ, ಒಂದು ಹಳೆಯ ಅಂಗಡಿ ಸಿಕ್ಕಿದೆ. ಮುಂದೆ ಉದ್ದ ಹಜಾರ, ಹಿಂದೆ ಎರಡು ಕೋಣೆ. ನಾನು ಕಚೇರಿಯ ಹತ್ತಿರ ನನಗೊಂದು ಕೋಣೆ ನೋಡಿಟ್ಟಿದ್ದೆ. ಅದನ್ನು ಹೇಗೆ ಹೇಳುವುದು ಎಂದು ವಾರವೆಲ್ಲ ಒದ್ದಾಡಿದ್ದೆ. ಮೊನ್ನೆ ಹೋದರೆ ಅತ್ತೆ ಎರಡೂ ಕಿಟಕಿಗೆ ಪರದೆಯ ಅಳತೆ ತೆಗೆಯುತ್ತಿದ್ದರು. "ನಿನ್ನ ಕೋಣೆಗೆ ನೀಲಿ ಸಾಕಾ?" ಎಂದರು. ಸಾಕು ಎಂದೆ.

ಯಂತ್ರಗಳು ಹೋದವು, ಕತ್ತರಿಯನ್ನು ಅತ್ತೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. ಕೊನೆಗೆ ಇಬ್ಬರೂ ತಾರಸಿಗೆ ಹತ್ತಿದೆವು. ಸವತಿ ಮಾತ್ರ ಇಲ್ಲೇ ಇರುತ್ತಾಳೆ. ಗುಡ್ಡ ಎಷ್ಟು ಸರಿಯಿತು ಎಂದು ಹೇಳಲು ಈಗ ಅವಳೊಬ್ಬಳೇ ದಿಕ್ಕು.

ಅಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. "ಅತ್ತೆ, ಇದನ್ನ ಗಣಿಯಲ್ಲಿ ಇಡಬೇಕಾಗಿತ್ತು. ನೆಲ ನೋಡಿ ನಾನು ಈ ಮನೆ ಆರಿಸಲಿಲ್ಲ. ಅವಳನ್ನ ನೋಡಿ ಆರಿಸಿದೆ. ಗಣಿಯಲ್ಲಿ ಇಟ್ಟಿದ್ರೆ ನಿಮಗೆ ಎಷ್ಟೋ ವರ್ಷ ಮೊದಲೇ ಗೊತ್ತಾಗ್ತಿತ್ತು."

"ಗಣಿಯಲ್ಲಿ ಇಟ್ಟಿದ್ರೆ ನೀನು ಬರ್ತಿರ್ಲಿಲ್ಲ." ಅತ್ತೆ ತಗಡಿನ ಮೇಲಿನ ಒಂದು ಎಲೆ ತೆಗೆದರು. "ನಿನಗೊಂದು ವಿಷಯ ಗೊತ್ತಿಲ್ಲ. ಅವತ್ತು ನೀನು ತಾರಸಿ ಅಳೀತಾ ಇದ್ದೆ, ಅವಳು ಸೊನ್ನೆ ತುದಿ ಹಿಡ್ಕೊಂಡಿದ್ಲು. ನೆನಪಿದೆಯಾ?"

ನೆನಪಿಲ್ಲದೆ ಏನು. ನಾಲ್ಕು ಸಲ ಅಳೆದಿದ್ದೆ, ಪ್ರತಿ ಸಲ ಬೇರೆ ಬೇರೆ ಬಂದಿತ್ತು. ಬಿಸಿಲಿಗೆ ಟೇಪು ಹಿಗ್ಗಿರಬೇಕು ಎಂದು ಬರೆದುಕೊಂಡಿದ್ದೆ.

"ಟೇಲರ್ ಮಗಳು ಅವಳು. ಆರು ವರ್ಷಕ್ಕೇ ಟೇಪು ಹಿಡಿದವಳು. ನಾನು ಆ ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ನೀನು ಬಗ್ಗಿ ಬರ್ಕೊಳ್ಳೋ ಹೊತ್ತಿಗೆ ಸರಿಯಾಗಿ, ಬೇಕಂತಲೇ ಬಿಡ್ತಿದ್ಲು. ನೀನು ಮತ್ತೆ ಅಳೀಲಿ ಅಂತ."

ಸವತಿಯ ಅಂಚು ಹಿಡಿದು ನಿಂತೆ. ಕೆಳಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಅತ್ತೆ ಅವನನ್ನು ಕಾಯಿಸಿದರು.

ಮೇ ೨, ಶುಕ್ರವಾರ

ಹನ್ನೆರಡು ದಿನ ಬರೆಯುವುದು ಮರೆತೇ ಹೋಗಿತ್ತು. ಮಲಗಿದರೆ ಬೆಳಗಾಗುತ್ತದೆ, ಬರೆಯಲು ಹೊತ್ತೆಲ್ಲಿ?

ನಗರಸಭೆ ನಕ್ಷೆಯನ್ನು ಒಪ್ಪಿತು. ನಮ್ಮ ಬೀದಿಗೆ ಕೆಂಪು ಬಣ್ಣ. ವರದಿಯ ಕೊನೆಯಲ್ಲಿ ನೆಲದ ಮೇಲಿನ ಅಳತೆ ತೆಗೆದವರು ಎಂದು ಅತ್ತೆಯ ಉಲ್ಲೇಖ ಬಂದಿದೆ. ಚೂಟಿಯೇ ಸೇರಿಸಿದ್ದು. ಅತ್ತೆ ಆ ಪುಟವನ್ನು ತರಗತಿಯ ಗೋಡೆಗೆ, ಕತ್ತರಿಯ ಪಕ್ಕಕ್ಕೆ ಅಂಟಿಸಿದ್ದಾರೆ.

ಇಂದು ಉಪಗ್ರಹದ ದಿನ. ಬೆಳಿಗ್ಗೆ ಇಬ್ಬರೂ ಹೋಗಿ ಸವತಿಯನ್ನು ತೊಳೆದು ಬಂದೆವು. ಈಗ ಅತ್ತೆಯೂ ಅವಳನ್ನು ಸವತಿ ಎಂದೇ ಕರೆಯುವುದು. ಒಳ್ಳೆಯ ಅತ್ತೆ, ಮಗಳ ಸವತಿಗೆ ಸ್ನಾನ ಮಾಡಿಸುತ್ತಾರೆ ಎಂದೆ. ಬೆನ್ನಿಗೊಂದು ಗುದ್ದು ಬಿತ್ತು.

ಸಂಜೆ ಟೇಪು ತಂದು, "ಅಂಗಿಗೆ ಬಟ್ಟೆ ತಂದಿದೀನಿ, ನಿಂತ್ಕೋ" ಎಂದರು. ಸೊಂಟ ಒಂದು ಇಂಚು ಮರಳಿ ಬಂದಿದೆಯಂತೆ. ಈ ಸಲ ಟೇಪಿನ ಮೇಲೆ ದೋಷ ಹೊರಿಸಲಿಲ್ಲ.

"ಸೊನ್ನೆ ತುದಿ ಕತ್ತಿನ ಹಿಂದೆ ಹಿಡ್ಕೋ."

ಹಿಡಿದುಕೊಂಡೆ. ಅವರು ಕೆಳಗೆ ಬಗ್ಗಿ ಅಳತೆ ಓದುವ ಹೊತ್ತಿಗೆ ಸರಿಯಾಗಿ ಬಿಟ್ಟೆ.

"ನೆಟ್ಟಗೆ ಹಿಡ್ಕೋ" ಎಂದು ಗದರಿ ಮತ್ತೆ ಅಳೆದರು. ಮತ್ತೆ ಬಿಟ್ಟೆ. ಮತ್ತೆ ಗದರಿದರು.

ಮೂರನೆಯ ಸಲ ಬಿಟ್ಟಾಗ ಅತ್ತೆ ಗದರಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, ಮೊದಲಿಂದ ಅಳೆಯತೊಡಗಿದರು.